ಕಸಬರಿಗೆ ಹಿಡಿದ ದುಬಾಷಿ

ಸರ್ಕಾರಿ ಆಸ್ಪತ್ರೆಯ ನರ್ಸುಗಳಿಗೆ ಮಾತಾಡೋದಕ್ಕೆ ಬರೋದಿಲ್ಲ ಅಂತ ಒಂದು ಆಪಾದನೆ ಉಂಟು. ಪತ್ರಿಕೆಗಳ ವಾಚಕರ ವಾಣಿಯಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ಕಾಣಿಸಿಕೊಳ್ಳುತ್ತದೆ. ಬರೆಯುವವರು ನಿವೃತ್ತ ಅಧಿಕಾರಿಗಳು, ಉಪನ್ಯಾಸಕರು, ನವೆಂಬರಿನಲ್ಲಿ ಎಚ್ಚರಾಗುವ ಕನ್ನಡಾಭಿಮಾನಿಗಳು. ರೋಗಿಯ ಜೊತೆ ನಯವಾಗಿ, ಶುದ್ಧವಾಗಿ, ಅರ್ಥವಾಗುವಂತೆ ಮಾತಾಡಲು ಈ ಹೆಂಗಸರಿಗೆ ತರಬೇತಿ ಕೊಡಿ ಅಂತ ಅವರ ಬೇಡಿಕೆ. ಇಷ್ಟು ವರ್ಷ ನಾವು ಸುಮ್ಮನಿದ್ದೆವು. ಪಾಳಿ ಮುಗಿಸಿ ಬಂದವರಿಗೆ ಕಾಲು ಚಾಚಿದರೆ ಸಾಕು ಅನ್ನಿಸುತ್ತದೆ, ಪತ್ರ ಬರೆಯುವ ಹುರುಪು ಎಲ್ಲಿಂದ ಬರಬೇಕು? ಈ ಸಲ ಕೂತಿದ್ದೇವೆ. ನಮ್ಮ ಉತ್ತರದ ಮೊದಲ ವಾಕ್ಯ ಇದು: ನಿಜ ಸ್ವಾಮಿ, ನಮಗೆ ಮಾತು ಬರೋದಿಲ್ಲ. ಇದ್ದ ಮಾತನ್ನು ನಮ್ಮ ನಾಲಿಗೆಯಿಂದ ಕಿತ್ತವರು ಯಾರು ಅನ್ನೋದನ್ನೂ ಕೇಳಿಕೊಂಡು ಹೋಗಿ.

ನಾವು ಅಂದರೆ ಬಿಸಿಲುಸೀಮೆಯ ಒಂದು ಜಿಲ್ಲಾ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಪಾಳಿ ಮಾಡುವ ಐದಾರು ಜನ. ಇಬ್ಬರು ಕೊಳ್ಳೇಗಾಲ, ನಂಜನಗೂಡು ಕಡೆಯ ಹೊಲಗೇರಿಯವರು. ಇಬ್ಬರು ಇದೇ ಸೀಮೆಯ ಮಾದಿಗರ ಓಣಿಯವರು. ಒಬ್ಬಳು ಕೇರಳದವಳು, ಗುತ್ತಿಗೆಯ ಮೇಲೆ ಇದ್ದಾಳೆ. ಅವಳ ವಿಷಯ ಮುಂದೆ ಹೇಳುತ್ತೇವೆ. ಮೈ ಮುಟ್ಟುವ ಕೆಲಸ, ಮಲಮೂತ್ರದ ಕೆಲಸ ಅಂತ ಮೇಲುಜಾತಿಯ ಮನೆಗಳು ತಮ್ಮ ಹೆಣ್ಣುಮಕ್ಕಳನ್ನು ಕಳಿಸದೇ ಇದ್ದ ಕಾಲದಲ್ಲಿ ಈ ಕಸುಬಿಗೆ ಬಂದವರಲ್ಲಿ ಮಿಷನ್ನಿನ ನೆರಳಿಗೆ ಹೋದ ನಮ್ಮ ಕೇರಿಗಳ ಹೆಂಗಸರಿದ್ದರು, ದಿಕ್ಕಿಲ್ಲದ ವಿಧವೆಯರಿದ್ದರು. ಈಗ ಸಂಬಳ, ಪಿಂಚಣಿ, ಜರ್ಮನಿ ಅಂತೆಲ್ಲ ಆದಮೇಲೆ ಎಲ್ಲ ಜಾತಿಯವರೂ ಬರುತ್ತಾರೆ. ಬರಲಿ. ಆದರೆ ಸಮಾಜಕಲ್ಯಾಣದ ಹಾಸ್ಟೆಲಿನಲ್ಲಿ ಬೆಳೆದು, ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ, ಒಂದೇ ಸಲ ಇಂಗ್ಲಿಷಿನ ಬಾವಿಗೆ ದೂಕಿಸಿಕೊಂಡವರ ಕಥೆ ಬೇರೆ.

ಜಿ.ಎನ್.ಎಂ. ಸೇರಿದ ಮೊದಲ ತಿಂಗಳು ಅನಾಟಮಿ ಪಾಠ. ನಮ್ಮ ಅಜ್ಜಂದಿರು ಸತ್ತ ದನ ಹೊತ್ತವರು, ಕೊಯ್ದವರು. ಮೈಯೊಳಗೆ ಏನೇನು ಎಲ್ಲೆಲ್ಲಿರುತ್ತದೆ ಅಂತ ಅವರ ಬಾಯಲ್ಲಿ ಕೇಳಿಕೊಂಡು ಬೆಳೆದ ಮಕ್ಕಳು ನಾವು. ಗುಂಡಿಗೆ, ಕರುಳು, ಬೋಟಿ, ಗುರ್ದ, ಪಿತ್ತ, ಮಾಸು. ಪಿತ್ತ ಒಡೆದರೆ ಮಾಂಸವೆಲ್ಲ ಕಹಿ ಅಂತ ನಮ್ಮಜ್ಜಿಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದ ನಾವೇ ಆ ಕ್ಲಾಸಿನಲ್ಲಿ ದಡ್ಡಿಯರಾದೆವು. ಟ್ಯೂಟರು ಬೋರ್ಡಿನ ಮೇಲೆ ಗರ್ಭದ ಚಿತ್ರ ಬರೆದು ಪ್ಲಾಸೆಂಟಾ ತೋರಿಸಿದಾಗ ನಮ್ಮಲ್ಲೊಬ್ಬಳು ಹುರುಪಿನಿಂದ 'ಮಾಸು ಮೇಡಂ' ಅಂದಳು. ಕ್ಲಾಸೆಲ್ಲ ನಕ್ಕಿತು. 'ಆ ಹಳ್ಳಿ ಭಾಷೆ ಇಲ್ಲಿ ಬೇಡಮ್ಮ' ಅಂದರು ಮೇಡಂ. ಕೆಟ್ಟವರಲ್ಲ ಅವರು, ನಮ್ಮ ಒಳ್ಳೆಯದಕ್ಕೇ ಹೇಳಿದ್ದು. ಮೂರು ವರ್ಷದಲ್ಲಿ ನಾವು ಮಾಸು ಮರೆತೆವು, ಪಾಸಾದೆವು.

ಕೆಲಸಕ್ಕೆ ಸೇರಿದ ಎರಡನೇ ವಾರ ಒಬ್ಬ ಮುದುಕಿ ಬಾಗಿಲಲ್ಲಿ ನಿಂತು, 'ಮಾಸ ಬಿದ್ದಿಲ್ರೀ ಬಾಯಾರ, ಮಾಸ ಬಿದ್ದಿಲ್ಲ' ಅಂತ ಕೈಮುಗಿದಳು. ಹೊರಗೆ ಟಂಟಂ ಗಾಡಿಯಲ್ಲಿ ಮಗಳು ಮಲಗಿದ್ದಳು, ಮನೆಯಲ್ಲೇ ಹೆರಿಗೆಯಾಗಿ ನಾಲ್ಕು ಗಂಟೆ ಕಳೆದಿತ್ತು. ನಾವು ಏನು ತಿಳಿದೆವು ಗೊತ್ತೇ? ಮಾಸ ಅಂದರೆ ತಿಂಗಳು. ಮುದುಕಿ ತಿಂಗಳು ತುಂಬದ ಲೆಕ್ಕ ಹೇಳುತ್ತಿದ್ದಾಳೆ ಅಂದುಕೊಂಡು, 'ಎಷ್ಟನೇ ತಿಂಗಳು?' ಅಂತ ಕೇಳಿದೆವು. ಹೀಗೆ ಕೇಳಿದವಳು ಬೇರೆ ಯಾರೂ ಅಲ್ಲ, ಕ್ಲಾಸಿನಲ್ಲಿ 'ಮಾಸು' ಅಂದಿದ್ದ ಹುಡುಗಿಯೇ. ಪುಸ್ತಕದ ಕನ್ನಡ ಬಂದು ಅವ್ವನ ಕನ್ನಡದ ಮೇಲೆ ಕೂತಿತ್ತು. ಒಂದೆರಡು ನಿಮಿಷದಲ್ಲಿ ಗೊತ್ತಾಯಿತು, ಒಳಗೆ ಕರೆದುಕೊಂಡೆವು, ಬಾಣಂತಿ ಉಳಿದಳು. ಮಾಸು ಬೀಳದೆ ರಕ್ತ ಹರಿಯುವ ಬಾಣಂತಿಗೆ ಒಂದೆರಡು ನಿಮಿಷ ಅಂದರೆ ಏನು ಅನ್ನೋದು ಹೆರಿಗೆ ಮಾಡಿಸಿದ ಯಾರಿಗೆ ಬೇಕಾದರೂ ಗೊತ್ತು.

ಇಂಥವು ಇನ್ನೂ ಇವೆ. ನಮ್ಮ ಕೊಳ್ಳೇಗಾಲದ ಕಡೆ ಕಡಿತ ಅಂದರೆ ತುರಿಕೆ. ಇಲ್ಲಿ 'ಹೊಟ್ಟಿ ಕಡೀಲಾಕತ್ಯಾದ' ಅಂದರೆ ಹೊಟ್ಟೆನೋವು. ಹೊಸದರಲ್ಲಿ ಒಬ್ಬಳಿಗೆ ಹೊಟ್ಟೆಯ ಮೇಲೆ ಹಚ್ಚುವ ಮುಲಾಮು ಕೊಡಿಸಲು ಹೊರಟಿದ್ದೆವು. ಪಕ್ಕದ ಮಂಚದವರು ನಕ್ಕು ನಕ್ಕು ಹೊಲಿಗೆ ಬಿಚ್ಚಿಕೊಳ್ಳುವಂತಾಯಿತು. ಇಲ್ಲಿ ನೋವು ಬ್ಯಾನಿ, ಕಾಯಿಲೆ ಜಡ್ಡು, ಮುಟ್ಟಾಗೋದು ಕಡಿಗಾಗೋದು. ಕನ್ನಡ ಒಂದೇ ಅನ್ನುವವರು ಒಂದು ವಾರ ನಮ್ಮ ಕ್ಯಾಜುವಾಲ್ಟಿಯಲ್ಲಿ ಕೂತು ನೋಡಲಿ.

ಕನ್ನಡದೊಳಗಿನ ಕಥೆಯೇ ಹೀಗೆ. ನಮ್ಮ ವಾರ್ಡಿನಲ್ಲಿ ಕನ್ನಡದ ಜೊತೆಗೆ ದಖನಿ ಉರ್ದು ಇದೆ, ತೆಲುಗು ಇದೆ, ಮರಾಠಿ ಇದೆ, ತಾಂಡಾಗಳ ಲಂಬಾಣಿ ಇದೆ. 2011ರ ಜನಗಣತಿಯಲ್ಲಿ ಕರ್ನಾಟಕದ ನೂರು ಜನರಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು ಸುಮಾರು 66 ಮಂದಿ. ಮೂರರಲ್ಲಿ ಒಬ್ಬರು ಬೇರೆ ಮಾತಿನವರು. ಲಂಬಾಣಿ ಮಾತಿಗೆ ಆ ಗಣತಿ ಮಾಡಿದ ಉಪಕಾರ ಇನ್ನೊಂದು ತರಹದ್ದು. ಇದು ತಮ್ಮ ತಾಯ್ನುಡಿ ಅಂತ ಬರೆಸಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು, ಅವರಷ್ಟೂ ಜನರನ್ನು ಹಿಂದಿಯ ಖಾನೆಗೆ ಸೇರಿಸಿದರು. ನಮ್ಮ ತಾಂಡಾದ ಯಾಡಿಗೆ ತಾನು ಹಿಂದಿಯವಳು ಅಂತ ಇನ್ನೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಅವಳ ಮುಂದೆ ನಿಂತು ಯಾರಾದರೂ ಶುದ್ಧ ಹಿಂದಿಯಲ್ಲಿ 'ದರ್ದ್ ಕಹಾಂ ಹೈ' ಅಂದರೆ ಅವಳು ಗೋಡೆ ನೋಡುತ್ತಾಳೆ.

ಈಗ ಎರಡು ವರ್ಷದ ಹಿಂದಿನ ಒಂದು ರಾತ್ರಿಯ ಸಂಗತಿ. ಈ ಲೇಖನ ಬರೆಯಲು ಕೂತಿರುವುದೇ ಅದಕ್ಕಾಗಿ.

ಹೋಳಿ ಹುಣ್ಣಿಮೆ ಆಗಿ ನಾಲ್ಕೈದು ದಿನ. ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ತಾಂಡಾದ ಹೆಂಗಸೊಬ್ಬಳು ಹಬ್ಬಕ್ಕೆ ಊರಿಗೆ ಬಂದಿದ್ದಳು. ಗಂಡ ಪುಣೆಯಲ್ಲೇ. ಹೆಗಲು ನೋವು, ತಲೆ ತಿರುಗುತ್ತದೆ ಅಂತ ರಾತ್ರಿ ಹತ್ತರ ಸುಮಾರಿಗೆ ಕರೆತಂದರು. ಜೊತೆಗಿದ್ದವರು ಅವಳ ಅವ್ವ ಮತ್ತು ಒಂಬತ್ತು ವರ್ಷದ ಮಗ. ಅವ್ವನಿಗೆ ಕನ್ನಡ ಬಾರದು. ಇವಳಿಗೆ ಸಂತೆಗೆ ಸಾಕಾಗುವಷ್ಟು ಕನ್ನಡ ಇತ್ತು, ನೋವಿಗೆ ಅದು ಸಾಲಲಿಲ್ಲ. ಹುಡುಗ ಇಸ್ಕೂಲಿಗೆ ಹೋಗುತ್ತಿದ್ದ, ಕನ್ನಡ ಚೆನ್ನಾಗಿತ್ತು. ಹಾಗಾಗಿ ಅವನೇ ದುಬಾಷಿ ಆದ. ಡ್ಯೂಟಿ ಡಾಕ್ಟರು ಕೇಳಬೇಕಾದ್ದನ್ನೆಲ್ಲ ಕೇಳಿದರು. 'ಎಂ.ಸಿ. ಸರಿಯಾಗಿ ಆಗ್ತದಾ ಕೇಳು' ಅಂದರು. ಹುಡುಗನಿಗೆ ಎಂ.ಸಿ. ಅಂದರೇನು ಗೊತ್ತಿರಬೇಕು ಹೇಳಿ? ಅವನು ಏನು ಕೇಳಿದನೋ, ತಾಯಿ ತಲೆ ತಗ್ಗಿಸಿ 'ಹೂಂ' ಅಂದಳು. ಗೊತ್ತಿದ್ದರೂ ಹೆತ್ತ ಮಗನ ಬಾಯಲ್ಲಿ ಆ ಪ್ರಶ್ನೆಗೆ ಯಾವ ತಾಯಿ ಉತ್ತರ ಕೊಟ್ಟಾಳು? ಕೇಸ್ ಶೀಟಿನಲ್ಲಿ 'ರೆಗ್ಯುಲರ್' ಅಂತ ಬಿತ್ತು. ಹೆಗಲು ನೋವಿಗೆ ಒಂದು ಇಂಜೆಕ್ಷನ್, ಒಂದು ಬಾಟಲ್ ಗ್ಲೂಕೋಸ್, ಬೆಳಿಗ್ಗೆ ಎಕ್ಸರೇ. ನಮ್ಮ ವಾರ್ಡಿಗೆ ಕಳಿಸಿದರು.

ಆ ರಾತ್ರಿ ವಾರ್ಡಿನಲ್ಲಿ ನಲವತ್ತೆರಡು ಜನ ರೋಗಿಗಳು, ನಾವು ಇಬ್ಬರು. ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗೆ ಒಬ್ಬ ನರ್ಸು, ಬೇರೆ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬಳು ಅಂತ ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ಆ ಲೆಕ್ಕದ ಹಾಳೆ ಯಾವ ಬೀರುವಿನಲ್ಲಿದೆಯೋ. ನಾವು ಬಾಟಲ್ ಏರಿಸಿ, ನಾಡಿ ನೋಡಿ ಬರೆದು, ಮುಂದಿನ ಮಂಚಕ್ಕೆ ಹೋದೆವು.

ನೆಲ ಒರೆಸುತ್ತಿದ್ದ ಆಯಾ ಬಂದು ನಮ್ಮ ಸೆರಗು ಜಗ್ಗಿದಳು. ಈಕೆ ಇದೇ ಊರಿನ ಮಾದಿಗರ ಹೆಂಗಸು, ವಯಸ್ಸು ಐವತ್ತು ದಾಟಿದೆ. ಚಿಕ್ಕಂದಿನಲ್ಲಿ ತಾಂಡಾದ ಹೆಂಗಸರ ಜೊತೆ ರಸ್ತೆಗೆ ಜಲ್ಲಿ ಒಡೆದವಳು, ಅವರ ಮಾತು ಅಲ್ಲಿ ಕಲಿತದ್ದು. ತೆಲುಗು ಅವಳ ತಾಯಿಯ ತವರಿನದು, ಉರ್ದು ಓಣಿಯದು. ಹೆಬ್ಬೆಟ್ಟು ಒತ್ತುವ ಈಕೆಗೆ ನಾಲ್ಕು ಭಾಷೆ ಬರುತ್ತದೆ. 'ಬಾಯಾರೇ, ಅಕಿ ಹೆಗಲ ಬ್ಯಾನಿ ಹಿಡಕೊಂಡು ಕುಂದರಬ್ಯಾಡ್ರಿ. ಅಕಿ ಅವ್ವಗ ಕಿವ್ಯಾಗ ಹೇಳಾಕತ್ಯಾಳ, ಎರಡು ತಿಂಗಳಾತಂತ ಕಡಿಗಾಗಿಲ್ಲಂತ. ಸಂಜಿಗೆ ಹೊಟ್ಟ್ಯಾಗ ಏನೋ ಫಟ್ ಅಂತಂತ.'

ನಾವು ಓಡಿದೆವು. ಕಣ್ಣಿನ ರೆಪ್ಪೆ ಮಗಚಿ ನೋಡಿದರೆ ಸುಣ್ಣದ ಹಾಗೆ ಬಿಳಿ. ನಾಡಿ ದಾರದಂತೆ. ಹೊಟ್ಟೆ ಬಿಗಿದಿತ್ತು. ಬಸಿರು ಕೋಶದಲ್ಲಿ ನಿಲ್ಲದೆ ನಳಿಕೆಯಲ್ಲಿ ನಿಂತು, ನಳಿಕೆ ಒಡೆದರೆ ರಕ್ತ ಹೊರಗೆ ಕಾಣುವುದಿಲ್ಲ, ಹೊಟ್ಟೆಯೊಳಗೆ ಸುರಿಯುತ್ತದೆ. ಆ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಪೊರೆಯನ್ನು ತಾಕಿದಾಗ ನೋವು ಹೆಗಲ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಇದು ನಾವು ಇಂಗ್ಲಿಷಿನಲ್ಲಿ ಉರು ಹೊಡೆದ ಪಾಠ, ಪರೀಕ್ಷೆಯಲ್ಲಿ ಐದು ಮಾರ್ಕಿನ ಪ್ರಶ್ನೆ. ಆ ರಾತ್ರಿ ಆ ಪಾಠ ನೆನಪಾಗಬೇಕಾದರೆ ಮಾಪು ಹಿಡಿದ ಒಬ್ಬ ಹೆಂಗಸಿನ ಕಿವಿ ಬೇಕಾಯಿತು. ಡಾಕ್ಟರು ಬಂದರು, ಉಚ್ಚೆ ಪರೀಕ್ಷೆ ಆಯಿತು, ಥಿಯೇಟರಿಗೆ ಒಯ್ದರು, ರಕ್ತ ಕೊಟ್ಟರು. ಅವಳು ಬದುಕಿದಳು. ಬೆಳಗಿನ ಜಾವದವರೆಗೆ ಆ ಹುಡುಗ ವರಾಂಡದಲ್ಲಿ ಕೂತು, ತಾನು ಏನು ತಪ್ಪು ಹೇಳಿದೆ ಅಂತ ನಮ್ಮನ್ನು ಕೇಳುತ್ತಲೇ ಇದ್ದ.

ಇದಾಗಿ ಹತ್ತು ದಿನಕ್ಕೆ ಆಯಾಗೆ ಒಂದು ಮೆಮೋ ಬಂತು. ಆಕೆ ಹೊರಗುತ್ತಿಗೆಯವಳು, ಆಸ್ಪತ್ರೆಯ ನೌಕರಳಲ್ಲ, ಗುತ್ತಿಗೆದಾರನ ಆಳು. ಕರ್ತವ್ಯದ ವೇಳೆ ಸ್ವಚ್ಛತಾ ಕಾರ್ಯವನ್ನು ಅರ್ಧಕ್ಕೆ ನಿಲ್ಲಿಸಿ ತನಗೆ ಸಂಬಂಧಪಡದ ವೈದ್ಯಕೀಯ ವಿಷಯದಲ್ಲಿ ಮಧ್ಯಪ್ರವೇಶಿಸಿದ್ದಕ್ಕೆ ಕಾರಣ ಕೇಳಿದ್ದರು. ವರಾಂಡದಲ್ಲಿ ಒದ್ದೆ ನೆಲದ ಮೇಲೆ ಯಾರೋ ದೊಡ್ಡವರು ಜಾರಿದ್ದರಂತೆ. ಮೆಮೋ ಕನ್ನಡದಲ್ಲೇ ಇತ್ತು. ಆಕೆಗೆ ಅದನ್ನು ಕನ್ನಡದಿಂದ ಕನ್ನಡಕ್ಕೆ ಹೇಳಲು ನಾವು ದುಬಾಷಿಗಳಾಗಬೇಕಾಯಿತು. ಒಂದು ದಿನದ ಕೂಲಿ ಮುರಿದರು. ಕೇಸ್ ಶೀಟಿನಲ್ಲಿ ಆಕೆಯ ಹೆಸರಿಲ್ಲ, ಇರುವುದಕ್ಕೆ ಖಾನೆಯೂ ಇಲ್ಲ.

ಬೆಳಿಗ್ಗೆ ದೊಡ್ಡ ಡಾಕ್ಟರು ರೌಂಡ್ಸಿಗೆ ಬರುವ ಹೊತ್ತಿಗೆ ಆಯಾಗಳನ್ನೆಲ್ಲ ಹೊರಗೆ ಕಳಿಸುವುದು ರೂಢಿ. ಬಾಗಿಲಾಚೆ ಕಸಬರಿಗೆ ಹಿಡಿದು ನಿಲ್ಲುತ್ತಾರೆ. ಒಳಗೆ ರೋಗಿಯ ಮಾತು ತಿಳಿಯದೆ ತಡವರಿಸುವಾಗ ಯಾರಾದರೊಬ್ಬರು, 'ಏ, ಅವಳನ್ನ ಕೇಳ್ರಿ' ಅನ್ನುತ್ತಾರೆ. ಆಕೆ ಬಾಗಿಲ ಹೊಸ್ತಿಲಾಚೆಯಿಂದಲೇ ಕೂಗಿ ಕೇಳುತ್ತಾಳೆ, ಕೂಗಿ ಹೇಳುತ್ತಾಳೆ. ಬಿಳುಪು ಹೋಗುತ್ತದೆಯಾ, ಗಂಡ ಕುಡಿದು ಹೊಡೆದನಾ, ಎಷ್ಟು ಬಸಿರು ಇಳಿದಿವೆ, ಇವೆಲ್ಲ ನಲವತ್ತು ಮಂಚಗಳಿಗೂ ಕೇಳುವ ಹಾಗೆ. ಬಾವಿಯ ಹತ್ತಿರ ಬರಬೇಡ, ದೂರದಿಂದ ಸೆರಗೊಡ್ಡು ಅಂತ ನಮ್ಮವ್ವಂದಿರಿಗೆ ಹೇಳುತ್ತಿದ್ದರಲ್ಲ, ಅದೇ ಅಳತೆಯ ದೂರ. ಆಕೆಯ ನಾಲಿಗೆ ಬೇಕು, ಆಕೆ ಬೇಡ.

ನೀವು ಕಾನೂನು ಓದಿದವರಿದ್ದರೆ ನಮಗೊಂದು ತಿಳಿಸಿ. ಕೊಲೆ ಮಾಡಿದ ಆರೋಪಿಗೆ ಕೋರ್ಟಿನಲ್ಲಿ ಸಾಕ್ಷಿಯ ಮಾತು ತಿಳಿಯದಿದ್ದರೆ, ಅವನಿಗೆ ಗೊತ್ತಿರುವ ಭಾಷೆಯಲ್ಲಿ ಅದನ್ನು ವಿವರಿಸಲೇಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಹಾಗಿತ್ತು, ಅದರ ಜಾಗಕ್ಕೆ 2024ರ ಜುಲೈಯಲ್ಲಿ ಬಂದ ಹೊಸ ಸಂಹಿತೆಯಲ್ಲೂ ಇದೆ. ಇರಬೇಕಾದ್ದೇ. ಕಂಪನಿ ಸರ್ಕಾರದ ಕಾಲದಲ್ಲಿ ಬಟ್ಟೆ, ಮೆಣಸು ಕೊಳ್ಳುವುದಕ್ಕೆ ದೊರೆಗಳು ದುಬಾಷಿಗಳನ್ನು ಇಟ್ಟುಕೊಂಡಿದ್ದರು. ವ್ಯಾಪಾರಕ್ಕೆ ದುಬಾಷಿ ಇದ್ದ, ಆರೋಪಿಗೆ ಇದ್ದಾನೆ. ಹೊಟ್ಟೆಯೊಳಗೆ ರಕ್ತ ಸುರಿಯುತ್ತಿರುವ ಹೆಂಗಸಿಗೆ ಒಂಬತ್ತು ವರ್ಷದ ಮಗನೇ ಗತಿ. ಅಮೆರಿಕದಲ್ಲಿ ತುರ್ತು ಸಂದರ್ಭ ಬಿಟ್ಟರೆ ಮಕ್ಕಳನ್ನು ದುಬಾಷಿ ಮಾಡಿಕೊಳ್ಳಬಾರದು ಅಂತ 2016ರಲ್ಲಿ ನಿಯಮವಾಯಿತು. ಆ ದೇಶವನ್ನು ಹೊಗಳುವ ಚಟ ನಮಗಿಲ್ಲ, ಆದರೆ ಮಗುವಿನ ತಲೆಯ ಮೇಲೆ ಏನು ಹೇರಬಾರದು ಅಂತ ಅಲ್ಲಿ ಯಾರೋ ಕೂತು ಯೋಚಿಸಿದ್ದಾರೆ.

ಇಲ್ಲಿಯೂ ಕಾಗದದ ಮೇಲೆ ಕೊರತೆಯಿಲ್ಲ. ರೋಗಿಗೆ ಸಾಕಷ್ಟು ವಿವರ ಕೊಡದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಅಂತ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ರೋಗಿಗೆ ಗೊತ್ತಿರುವ ಭಾಷೆಯಲ್ಲಿ, ಅವರ ತಿಳಿವಳಿಕೆಗೆ ನಿಲುಕುವಂತೆ ಹೇಳಬೇಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ, 2018ರ ರೋಗಿಗಳ ಹಕ್ಕುಗಳ ಸನ್ನದಿನಲ್ಲಿದೆ. ನಮ್ಮ ವಾರ್ಡಿನಲ್ಲಿ ಆಗುವುದೇನು? ಒಂದೂವರೆ ಪುಟದ ಇಂಗ್ಲಿಷ್ ಫಾರಂ, ಕೆಳಗೆ ಇಂಟು ಗುರುತು. ನರ್ಸು ಇಂಕಿನ ಪ್ಯಾಡು ಹಿಡಿದು, 'ಇಲ್ಲೊಂದು ಹೆಬ್ಬೆಟ್ಟು ಒತ್ತವ್ವ' ಅನ್ನುತ್ತಾಳೆ. ಅವಳು ಒತ್ತುತ್ತಾಳೆ. ಸಾಲದ ಪತ್ರಕ್ಕೆ ಒತ್ತಿ, ಜಮೀನಿನ ಪತ್ರಕ್ಕೆ ಒತ್ತಿ ರೂಢಿಯಾದ ಬೆರಳು. ಪ್ಯಾಡು ಹಿಡಿದ ಕೈ ನಮ್ಮದು. ಇದನ್ನು ನಾವು ಮುಚ್ಚಿಡುವುದಿಲ್ಲ. ಹಿಡಿಯಲಾರೆ ಅಂತ ಒಂದು ದಿನವಾದರೂ ಹೇಳಿದ್ದರೆ ಈ ಲೇಖನ ಬರೆಯುವುದಕ್ಕೆ ನಮಗೆ ಇನ್ನಷ್ಟು ಹಕ್ಕಿರುತ್ತಿತ್ತು.

ಭಾಷೆ ಬರುವುದಿಲ್ಲ, ಏನು ಮಾಡೋದು ಅಂತ ಕೈ ಚೆಲ್ಲುವವರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳನ್ನು ನೆನಪಿಸುತ್ತೇವೆ. ಅಲ್ಲಿನ ಲಂಬಾಣಿ ಹೆಂಗಸರ, ದಲಿತ ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಕಾರಣವಿಲ್ಲದೆ ಕಿತ್ತು ಹಾಕಿದ್ದು 2015ರಲ್ಲಿ ರಾಜ್ಯಕ್ಕೆಲ್ಲ ತಿಳಿಯಿತು. ಹೆಂಗಸರೇ ಬೀದಿಗಿಳಿದು ಕೇಳಿದರು, ಸರ್ಕಾರ ತನಿಖೆ ಮಾಡಿಸಿತು. ಬಿಳುಪು, ಸೊಂಟನೋವು ಅಂತ ಹೋದವರಿಗೆ ಅಲ್ಲಿ ಒಂದೇ ಒಂದು ಮಾತು ಹೇಳಿದ್ದರು: ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ. ಆಗ ಭಾಷೆ ಅಡ್ಡ ಬರಲಿಲ್ಲ ನೋಡಿ. ಕ್ಯಾನ್ಸರ್ ಅನ್ನುವ ಆ ಒಂದು ಶಬ್ದ ಕನ್ನಡವನ್ನೂ ದಾಟಿತು, ಲಂಬಾಣಿಯನ್ನೂ ದಾಟಿತು, ಕೊರಳ ಬೆಳ್ಳಿ ಮಾರಿಸಿತು. ಹಣ ಬರುವ ಕಡೆ ಎಲ್ಲರಿಗೂ ಎಲ್ಲ ಭಾಷೆಯೂ ಬರುತ್ತದೆ.

ಈಗ ಕೇರಳದ ನಮ್ಮ ಗೆಳತಿಯ ವಿಷಯ. ಹೊರರಾಜ್ಯದ ನರ್ಸುಗಳಿಂದಲೇ ಈ ಸಮಸ್ಯೆ, ಅವರನ್ನು ಓಡಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಕೆಲವರು ಬಾವುಟ ಹಿಡಿಯುತ್ತಾರೆ. ಇವಳು ಮೊದಲು ಖಾಸಗಿ ನರ್ಸಿಂಗ್ ಹೋಮಿನಲ್ಲಿದ್ದಳು. ಕೆಲಸ ಬಿಟ್ಟು ಹೋಗದ ಹಾಗೆ ಬಾಂಡು ಬರೆಸಿಕೊಳ್ಳುವುದು, ಸರ್ಟಿಫಿಕೇಟು ಕಸಿದಿಟ್ಟುಕೊಳ್ಳುವುದು ಆ ಧಣಿಗಳ ಪದ್ಧತಿ. 2011-12ರಲ್ಲಿ ದೆಹಲಿ, ಮುಂಬಯಿ, ಕೇರಳದ ನರ್ಸುಗಳು ಮುಷ್ಕರ ಹೂಡಿದಾಗ ಇದೆಲ್ಲ ಬಯಲಿಗೆ ಬಂದಿತ್ತು. ಆ ಧಣಿಗಳು ಕನ್ನಡದವರೇ, ಕರ್ನಾಟಕ ರಾಜ್ಯೋತ್ಸವಕ್ಕೆ ಚಂದಾ ಕೊಡುವವರೇ. ಕಡಿಮೆ ಕೂಲಿಗೆ ಸಿಕ್ಕಳು ಅಂತ ಅವಳನ್ನು ತಂದವರು ಅವಳಿಗೆ ಕನ್ನಡದ ಒಂದು ಅಕ್ಷರ ಕಲಿಸಲಿಲ್ಲ. ಅವಳು ಕನ್ನಡ ಕಲಿತದ್ದು ಆಯಾಗಳಿಂದ. ಹಾಗಾಗಿ ಇವತ್ತು ಅವಳ ಕನ್ನಡದಲ್ಲಿ ಮಾದಿಗರ ಓಣಿಯ ದನಿ ಇದೆ. ನಮ್ಮ ಕೊಳ್ಳೇಗಾಲದವಳಿಗಿಂತ ಅವಳ ಮಾತು ಇಲ್ಲಿನ ರೋಗಿಗಳಿಗೆ ಬೇಗ ತಿಳಿಯುತ್ತದೆ. ಇದೇ ಹುಡುಗಿ ನಾಳೆ ಜರ್ಮನಿಗೆ ಹೋಗಬೇಕಾದರೆ ಜರ್ಮನ್ ಕಲಿತು 'ಬಿ-1', 'ಬಿ-2' ಅಂತ ಪರೀಕ್ಷೆ ಕಟ್ಟಬೇಕು. ಇಂಗ್ಲೆಂಡಿಗಾದರೆ ಇಂಗ್ಲಿಷ್ ಪರೀಕ್ಷೆ. ಅಲ್ಲಿನ ರೋಗಿಯ ಮಾತು ತಿಳಿಯದ ನರ್ಸು ಅಪಾಯ ಅಂತ ಆ ಸರ್ಕಾರಗಳಿಗೆ ಗೊತ್ತು. ತಾಂಡಾದ ರೋಗಿಯ ಮಾತು ತಿಳಿಯದಿದ್ದರೆ ಅಪಾಯ ಅಂತ ಇಲ್ಲಿ ಯಾವ ಪರೀಕ್ಷೆಯೂ ಕೇಳುವುದಿಲ್ಲ. ಸರ್ಕಾರಿ ನೌಕರಿಗೆ ಸೇರುವವರಿಗೆ ಕನ್ನಡ ಪರೀಕ್ಷೆ ಉಂಟು, ನಾವೂ ಬರೆದಿದ್ದೇವೆ. ಬ್ಯಾನಿ, ಕಡಿಗಿ, ಮಾಸು ಯಾವುದೂ ಅದರಲ್ಲಿ ಬರಲಿಲ್ಲ.

ಇನ್ನು ಇಂಗ್ಲಿಷ್ ತೆಗೆದು ಕನ್ನಡ ಹಾಕಿದರೆ ಸಾಕು ಅನ್ನುವವರಿಗೆ ನಮ್ಮ ಗೋಡೆಗಳನ್ನು ತೋರಿಸುತ್ತೇವೆ. 'ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗ', 'ಕ್ಷ-ಕಿರಣ ಘಟಕ', 'ತೀವ್ರ ನಿಗಾ ಘಟಕ'. ಹೆರಿಗೆ ವಾರ್ಡು, ಎಕ್ಸರೇ ಅಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಒಬ್ಬಳಿಗೆ ಹೊಸ ಡಾಕ್ಟರು ಕಷ್ಟಪಟ್ಟು ಕನ್ನಡದಲ್ಲಿ, 'ನಿಮ್ಮ ಯಕೃತ್ತಿನಲ್ಲಿ ತೊಂದರೆ ಇದೆ' ಅಂದರು. ಆಕೆ ಕೈಮುಗಿದು, 'ಯಾವ ದೇವರ್ರೀ ಅದು? ಹರಕಿ ತೀರಿಸ್ತೀವ್ರಿ' ಅಂದಳು. ಇಂಗ್ಲಿಷಿನ ಜಾಗದಲ್ಲಿ ಸಂಸ್ಕೃತ ಕೂತರೆ ಕೆಳಗೆ ನಿಂತವಳಿಗೆ ಏನು ಸಿಕ್ಕಿತು? 1963ರಿಂದ ಈ ನಾಡಿನಲ್ಲಿ ಕನ್ನಡ ಆಡಳಿತ ಭಾಷೆ. ಆಳುವುದಕ್ಕೆ ಅದು ಒದಗಿದೆ, ಒಪ್ಪುತ್ತೇವೆ. ಮೆಮೋ ಕೊಡುವುದಕ್ಕೆ ಚೆನ್ನಾಗಿ ಒದಗಿದೆ.

ಶಬ್ದ ತಿಳಿದರೂ ಮುಗಿಯುವುದಿಲ್ಲ. 'ಊಟ ಆದಮೇಲೆ ಮೂರು ಹೊತ್ತು ಒಂದೊಂದು ಮಾತ್ರೆ' ಅಂತ ಅಚ್ಚಗನ್ನಡದಲ್ಲೇ ಹೇಳಿ ಕಳಿಸುತ್ತೇವೆ. ವಾರ ಬಿಟ್ಟು ಬಂದಾಗ ಮಾತ್ರೆ ಮಿಕ್ಕಿರುತ್ತವೆ. ಬೈಯುತ್ತೇವೆ. 'ಎರಡ ಹೊತ್ತು ಉಂಡೀನ್ರಿ, ಎರಡ ಗುಳಿಗಿ ತಗೊಂಡೀನಿ' ಅನ್ನುತ್ತಾಳೆ. ನಾವು ಹೇಳಿದ್ದನ್ನು ಅವಳು ಅಕ್ಷರ ತಪ್ಪದೆ ಪಾಲಿಸಿದ್ದಾಳೆ. ಕೇರಿಯಲ್ಲಿ ಹುಟ್ಟಿದ ನಮಗೇ ಆ ಲೆಕ್ಕ ಹೊಳೆಯಲಿಲ್ಲವಲ್ಲ ಅಂತ ಆ ದಿನ ನಮ್ಮ ಮೇಲೆ ನಮಗೇ ಹೇಸಿಗೆಯಾಯಿತು. ಆಪರೇಷನ್ನಿಗೆ ಮುಂಚೆ 'ಏನೂ ತಿನ್ನಬೇಡ' ಅಂದರೆ ಚಹಾ ಕುಡಿದು ಬರುತ್ತಾರೆ, ಚಹಾ ತಿನ್ನುವ ಪದಾರ್ಥ ಅಲ್ಲವಲ್ಲ. 'ಹನಿ ನೀರೂ ಬಾಯಿಗೆ ಹಾಕಬ್ಯಾಡ' ಅಂತ ಹೇಳುವುದನ್ನು ನಮಗೆ ಕಲಿಸಿದವಳೂ ಅದೇ ಆಯಾ.

ಹೀಗೆ ಕಲಿತದ್ದನ್ನೆಲ್ಲ ನಾವು ಒಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ. ಆಯಾ ಹೇಳುತ್ತಾಳೆ, ನಾವು ಬರೆಯುತ್ತೇವೆ. ನೋವಿಗೆ ಒಂದು ಪುಟ, ಹೆಂಗಸರ ತಿಂಗಳ ಮಾತಿಗೆ ಎರಡು ಪುಟ, ನಾಚಿಕೆಯಿಂದ ಸುತ್ತಿ ಬಳಸಿ ಹೇಳುವುದಕ್ಕೆ ಐದಾರು ಪುಟ. ಲಂಬಾಣಿಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದೇವೆ. ಊರಿಂದ ರೋಗಿಯ ಜೊತೆ ಬರುವ ಆಶಾ ಕಾರ್ಯಕರ್ತೆಯರೂ ಸೇರಿಸಿದ್ದಾರೆ. ಅವರೂ ಬಾಗಿಲಾಚೆ ನಿಲ್ಲುವವರೇ. ಇದನ್ನು ಅಚ್ಚು ಹಾಕಿಸಿ ಎಲ್ಲ ವಾರ್ಡಿಗೂ ಕೊಡಿ ಅಂತ ಕೇಳಿದರೆ, ಯಾರ ಅನುಮತಿ ಪಡೆದು ಬರೆದಿರಿ ಅಂದರು. ಬರೀ ಪುಸ್ತಕ ಸಾಲದು, ಜಿಲ್ಲಾ ಆಸ್ಪತ್ರೆಗಳಲ್ಲಿ ಆ ಜಿಲ್ಲೆಯ ಮಾತು ಬಲ್ಲವರಿಗೆ ದುಬಾಷಿ ಹುದ್ದೆ ಕೊಡಿ, ನಮ್ಮ ಆಯಾಗಳಿಗೇ ಮೊದಲು ಕೊಡಿ, ಸಂಬಳ ಕೊಡಿ ಅಂತ ಅರ್ಜಿ ಬರೆದೆವು. ಅಂಥ ಹುದ್ದೆ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಇಲ್ಲ ಅಂತ ಉತ್ತರ ಬಂತು. ನಿಯಮ ಆಕಾಶದಿಂದ ಬಿದ್ದದ್ದೇನು? ಇಲ್ಲದಿದ್ದರೆ ಮಾಡಿ.

ಮಾಡುವವರೆಗೆ ನಾವು ಮಾಡುವುದನ್ನು ಮಾಡುತ್ತೇವೆ. ಬರುವ ತಿಂಗಳ ಒಂದನೇ ತಾರೀಖಿನಿಂದ, ಮಾತು ತಿಳಿಯದ ರೋಗಿಯ ಮಂಚದ ಬಳಿ ಆಯಾ ನಿಲ್ಲುತ್ತಾಳೆ. ರೌಂಡ್ಸ್ ಇದ್ದರೂ ನಿಲ್ಲುತ್ತಾಳೆ, ಮೆಲ್ಲಗೆ ಕೇಳುತ್ತಾಳೆ, ಅವಳು ಹೇಳಿದ್ದನ್ನು ಅವಳ ಹೆಸರು ಹಾಕಿ ನಾವು ನರ್ಸಸ್ ನೋಟ್ಸಿನಲ್ಲಿ ಬರೆಯುತ್ತೇವೆ. ಒಪ್ಪಿಗೆ ಫಾರಮ್ಮಿನ ವಿವರ ರೋಗಿಗೆ ಅವಳ ಮಾತಿನಲ್ಲಿ ತಲುಪುವವರೆಗೆ ಇಂಕಿನ ಪ್ಯಾಡು ನಮ್ಮ ಡ್ರಾಯರಿನಿಂದ ಹೊರಗೆ ಬರುವುದಿಲ್ಲ. ಮಕ್ಕಳನ್ನು ದುಬಾಷಿ ಮಾಡುವುದಿಲ್ಲ. ಆ ಹೊತ್ತಿನಲ್ಲಿ ನೆಲ ಒರೆಸುವ ಕೆಲಸ ಅರ್ಧಕ್ಕೆ ನಿಂತರೆ ಉಳಿದರ್ಧವನ್ನು ನಾವು ಒರೆಸುತ್ತೇವೆ, ಅದು ನಮಗೆ ಹೊಸ ಕೆಲಸವಲ್ಲ. ಮೆಮೋ ಕೊಡುವವರು ಈ ಸಲ ಆರು ಪ್ರತಿ ಮಾಡಿಸಿ ನಮಗೆಲ್ಲರಿಗೂ ಕೊಡಲಿ. ಒಂದನ್ನು ಲಂಬಾಣಿಯಲ್ಲಿ ಬರೆಸಲಿ. ಯಾರ ಕೈಲಿ ಬರೆಸುವುದು ಅಂತ ತಿಳಿಯದಿದ್ದರೆ ರಾತ್ರಿ ಪಾಳಿಯಲ್ಲಿ ನಮ್ಮ ವಾರ್ಡಿಗೆ ಬರಲಿ, ಬಾಗಿಲ ಹತ್ತಿರ ಮಾಪು ಹಿಡಿದು ನಿಂತಿರುತ್ತಾಳೆ.